ಅಪ್ಪನ ಎಡೆಗೆ ಕುಡುಕ ಕೇಕು

ಕೇಕು ಮಾಡುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಕೊಡಗು ಆಗ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ನಮ್ಮ ಕುಶಾಲನಗರದ ಹೊಳೆ ಸೇತುವೆ ದಾಟಿದರೆ ಮೈಸೂರು ರಾಜ್ಯ. ಹೀಗಾಗಿ ಪಿರಿಯಾಪಟ್ಟಣದ ಸಂತೆಯಿಂದ ಈರುಳ್ಳಿ ತಂದವನೂ ಪರರಾಜ್ಯ ಸುತ್ತಿ ಬಂದವನ ಗತ್ತಿನಲ್ಲಿ ಓಡಾಡುತ್ತಿದ್ದ.

ನಿಜವಾಗಿ ಕಡಲು ದಾಟಿದವರು ನಮ್ಮಪ್ಪ. ದೊಡ್ಡ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿಕೊಂಡು ಈಜಿಪ್ಟು, ಇಟಲಿ ನೋಡಿ ಬಂದಿದ್ದರು. ಯುದ್ಧ ಹೇಗಿತ್ತು ಎಂದು ಕೇಳಿದರೆ "ಧೂಳು" ಅನ್ನುತ್ತಿದ್ದರು. ಅಷ್ಟೇ. ಅಲ್ಲಿನ ತಿಂಡಿಯ ಸುದ್ದಿ ಎತ್ತಿದರೆ ಮಾತ್ರ ಮುಖ ಅರಳುತ್ತಿತ್ತು.

"ಕೈರೋಗೆ ಹೋದ್ರೆ ರವೆ ಕೇಕು ಬಿಡ್ಬೇಡ ಕಣ್ಲಾ. ಪಾಕದಲ್ಲಿ ನೆನೆಸಿ ಮೇಲೊಂದು ಬಾದಾಮಿ ಇಟ್ಟಿರ್ತಾರೆ. ನೇಪಲ್ಸ್‌ಗೆ ಹೋದ್ರೆ ಬೆಳಿಗ್ಗೇನೇ ಹೋಗು. ಚಿಪ್ಪಿನ ಆಕಾರದ್ದು ಒಂದು ಸಿಗುತ್ತೆ, ನಮ್ಮ ಚಿರೋಟಿಗಿಂತ ಜಾಸ್ತಿ ಪದರ. ಬಿಸಿ ಇರುವಾಗ್ಲೇ ತಿನ್ಬೇಕು."

ಹೀಗೆ ಉಪದೇಶ ಪಡೆಯುತ್ತಿದ್ದವನು ಗೊಬ್ಬರದ ಗಾಡಿ ಹೊಡೆಯುವ ಸಿದ್ದ. ಅವನು ಸೋಮವಾರಪೇಟೆಯನ್ನೇ ಸರಿಯಾಗಿ ನೋಡಿರಲಿಲ್ಲ. ಆದರೂ ನಾಳೆಯೇ ಹಡಗು ಹತ್ತುವವನಂತೆ ತಲೆಯಾಡಿಸುತ್ತಿದ್ದ.

ಎಲ್ಲಕ್ಕೂ ಮೇಲು ನೇಪಲ್ಸಿನ 'ಕುಡುಕ ಕೇಕು'. ಹೆಸರು ಅಪ್ಪನೇ ಇಟ್ಟದ್ದು. ಅಣಬೆಯ ಆಕಾರ, ಮೈತುಂಬ ರಮ್ಮು. ಬೆರಳಿಟ್ಟು ಒತ್ತಿದರೆ ರಸ ಒಸರಬೇಕು.

ಅಪ್ಪ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. "ಆ ಕುಡುಕ ಕೇಕು ಒಂದು ತುಂಡು ಇದ್ದಿದ್ರೆ" ಎಂದು ಅವ್ವನ ಹತ್ತಿರ ಅಂದರಂತೆ. ಅವರು ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು.

ಮಳೆ ಹಿಂದಾಗುವ ಹೊತ್ತಿಗೆ ಹಿರಿಯರ ಹಬ್ಬ ಬಂತು. ಸತ್ತವರಿಗೆ ಆಸೆಯ ತಿನಿಸನ್ನೆಲ್ಲ ಎಲೆ ಮೇಲೆ ಬಡಿಸಿ, ದೀಪ ಹಚ್ಚಿ, ಅವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಪದ್ಧತಿ. ಇದಕ್ಕೆ ಎಡೆ ಅನ್ನುತ್ತೇವೆ. ಅಪ್ಪನಿಗೆ ಇದು ಮೊದಲ ಎಡೆ.

"ರಂಗ," ಅಂದಳು ಅವ್ವ, "ಮುದ್ದೆ, ಕೋಳಿ ಸಾರು ಎಲ್ಲಾ ಮಾಡ್ತೀವಿ. ಅವ್ರು ಬಾಯಿಬಿಟ್ಟು ಕೇಳಿದ್ದೇ ಇಡ್ದಿದ್ರೆ, ಬಂದು ಹಂಗೇ ವಾಪಸ್ ಹೋಯ್ತಾರೆ ಕಣಪ್ಪ."

"ನಾನಿದ್ದೀನಲ್ಲವ್ವ!" ಎಂದೆ. ಮನೆ ಹಾಳಾಗಲು ಇಷ್ಟು ಸಾಕಾಯಿತು.

"ನಿಮಗೆ ಹಾಲು ಉಕ್ಕದ ಹಾಗೆ ಕಾಯ್ಸೋಕೂ ಬರಲ್ಲ," ಎಂದಳು ಹೆಂಡತಿ ಜಯ.

"ಇಷ್ಟು ವರ್ಷ ಕೇಳಿದ್ದೀನಿ ಕಣೆ. ಎಲ್ಲಾ ಕಿವೀಲೇ ಇದೆ."

"ಹಿಟ್ಟೂ ಕಿವೀಲೇ ಕಲಸ್ತೀರಾ?"

ಅಪ್ಪನ ಜೊತೆ ಇಟಲಿಗೆ ಹೋಗಿದ್ದ ಸುಬೇದಾರ್ ಬೋಪಯ್ಯನವರು ಕೂಗಳತೆಯಲ್ಲೇ ಇದ್ದರು. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಎಡೆಯ ದಿನ ಒಂದು ಬಾಟಲಿ ರಮ್ಮು ತನ್ನಿ ಎಂದು ಮಾತ್ರ ಹೇಳಿಬಂದೆ.

ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆ ಕಲಸಿ, ಉಬ್ಬಲಿ ಎಂದು ಬೈನೆ ಮರದ ಕಳ್ಳು ಹಾಕಿದೆ. ಉಬ್ಬಿತು! ಪಾತ್ರೆ ದಾಟಿ, ಎಡೆಯಲ್ಲಿಡಲು ತಂದಿದ್ದ ಹೊಸ ಪಂಚೆಯ ಮೇಲೂ ಉಬ್ಬಿತು. ಜಯ ಪಂಚೆಯನ್ನೆತ್ತಿ ಹಿಟ್ಟಿನ ಸಮೇತ ನನ್ನ ಹೆಗಲ ಮೇಲೆ ಹಾಕಿದಳು.

ಇನ್ನು ಕೇಕಿಗೆ ಸುತ್ತಲಿಂದಲೂ ಕಾವು ಬೇಕು. ಬಚ್ಚಲಿನ ತಾಮ್ರದ ಹಂಡೆ ಕಣ್ಣಿಗೆ ಬಿತ್ತು. ನೀರು ಬಗ್ಗಿಸಿ, ಹೊಳೆಯ ಮರಳು ಸುರಿದು, ನಡುವೆ ಕೇಕಿನ ಪಾತ್ರೆ ಹುದುಗಿಸಿ, ಮುಚ್ಚಳದ ಮೇಲೆ ಕೆಂಡ ಹರಡಿದೆ. ಎಡೆಗೆ ಮೊದಲು ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಳ್ಳಬೇಕೆಂಬ ಅಂಶವು ನನ್ನ ಘನ ಯೋಜನೆಯಲ್ಲಿ ಸೇರಿರಲಿಲ್ಲ.

ಅರಕಲಗೂಡಿನಿಂದ ಬಂದಿದ್ದ ಚಿಕ್ಕಪ್ಪ ಬಚ್ಚಲಿಗೆ ಹೋದವರು ಚೊಂಬು ಹಿಡಿದುಕೊಂಡೇ ವಾಪಸ್ ಬಂದರು.

"ಏನ್ಲಾ ಅದು ಹಂಡೇಲಿ?"

"ಕೇಕು, ಚಿಕ್ಕಪ್ಪ."

"ಸ್ನಾನ?"

"ಹೊಳೇಲಿ."

ಹೊಳೆಯಿಂದ ನಡುಗುತ್ತ ಬಂದ ಚಿಕ್ಕಪ್ಪ ಸೀನಲು ಶುರುಮಾಡಿದರು. ಆಮೇಲೆ ನಿಲ್ಲಿಸಲೇ ಇಲ್ಲ.

ಕೇಕು ಹೊರಗೆ ಬಂತು. ಹಿಟ್ಟಿಗಿದ್ದ ಉತ್ಸಾಹ ಕೇಕಿಗಿರಲಿಲ್ಲ. ಹೊರಗೆ ಇದ್ದಿಲು, ಒಳಗೆ ಅಂಬಲಿ, ಅಲ್ಲಲ್ಲಿ ಕಾವೇರಿಯ ಮರಳು. ರಮ್ಮು ಹಿಡಿದು ಬಂದ ಸುಬೇದಾರರು ಅದನ್ನೊಮ್ಮೆ ನೋಡಿ ಬಾಟಲಿ ಕೊಟ್ಟರು. ಅವ್ವ ಬಿಸಿಯಾಗಿದ್ದಾಗಲೇ ಅದನ್ನು ಎಲೆಯ ಮೇಲಿಟ್ಟಳು. ನಾನು ರಮ್ಮು ಸುರಿದೆ. ಅದು ಒಳಗಿಳಿಯದೆ ಜಾರಿ ಎಲೆಯೆಲ್ಲ ಹರಿಯಿತು. ಕುಡಿಯಲೊಲ್ಲದ ಕೇಕು! ಇನ್ನಷ್ಟು ಸುರಿದು, ಕೈಮುಗಿದು, ಬಾಗಿಲೆಳೆದುಕೊಂಡೆ.

ಹೊರಗೆ ಎಲ್ಲರೂ ತಲೆ ತಗ್ಗಿಸಿ ನಿಂತೆವು. ಅಷ್ಟರಲ್ಲಿ ಬಾಗಿಲ ಸಂದಿನಲ್ಲಿ ನೀಲಿ ಬೆಳಕೊಂದು ಅಲುಗಾಡಿತು.

"ಅಣ್ಣ ಬಂದ!" ಎಂದು ಕಿರುಚಿ ಚಿಕ್ಕಪ್ಪ ಉದ್ದಂಡ ಬಿದ್ದರು. ಬಿದ್ದಲ್ಲೇ ಸೀನಿದರು. ಅವ್ವ ಸೆರಗೊಡ್ಡಿ ಬಿಕ್ಕಿ ಬಿಕ್ಕಿ ಅತ್ತಳು. ಸುಳ್ಳೇಕೆ ಹೇಳಲಿ, ನನಗೂ ಒಳಗೆ ಹೋಗಿ ಅಪ್ಪನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

ಸುಬೇದಾರರು ಮೂಗರಳಿಸಿದರು. "ಎಂತ ಅಣ್ಣ ಮಾರಾಯ! ದೀಪದಿಂದ ರಮ್ಮಿಗೆ ಬೆಂಕಿ ಹತ್ತಿದ್ದು!"

ಬಾಗಿಲು ದೂಡಿ ಒಂದು ಕೊಡ ನೀರು ಎರಚಿದರು. ಬೆಂಕಿ ಆರಿತು. ದೀಪವೂ ಆರಿತು. ಮುದ್ದೆ ಮೂಲೆಗೆ ಉರುಳಿತು, ಸಾರು ಹೊಸ್ತಿಲು ದಾಟಿತು. ಕಪ್ಪು ಕೇಕು ಮಾತ್ರ ಕೂತಲ್ಲೇ ಕೂತಿತ್ತು.

ಅವ್ವ ಕುಸಿದು ಕುಳಿತಳು. "ಬಂದೋರು ಉಪವಾಸ ಹೋದ್ರಲ್ಲಪ್ಪ. ಕೊನೇ ಆಸೆ ಅದೊಂದೇ ಇತ್ತು. ಅಷ್ಟು ಇಷ್ಟಪಟ್ಟು ತಿಂದಿದ್ರು ಅಲ್ಲಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಬೇದಾರರು ಟೋಪಿ ತೆಗೆದು ಅವಳೆದುರು ಕುಳಿತರು.

"ಅಳಬೇಡಿ ಅಮ್ಮ. ಅವನು ಅದನ್ನು ತಿಂದವನೇ ಅಲ್ಲ."

"ಏನಂದ್ರಿ?"

"ಯಾವುದನ್ನೂ ತಿನ್ನಲಿಲ್ಲ. ದನದ ಕೊಬ್ಬು ಹಾಕಿದ್ದಾರೋ ಎಂತದೋ ಅಂತ ಹೆದರಿಕೆ ಅವನಿಗೆ. ಕೇಳೋಣ ಅಂದ್ರೆ ಭಾಷೆ ಬರುದಿಲ್ಲ. ದಿನಾ ಅಂಗಡಿ ಗಾಜಿನ ಎದುರು ಬಂದು ನಿಲ್ತಿದ್ದ. ನಾನು ತಿಂತಿದ್ದೆ. 'ಹೇಗಿದೆ, ಒಳಗೆ ಹೇಗಿದೆ' ಅಂತ ಕೇಳ್ತಿದ್ದ. ತಿಂದದ್ದು ನಾನು ಅಮ್ಮ. ಹೇಳಿದ್ದು ಅವನು."

ಚಿಕ್ಕಪ್ಪನ ಸೀನೂ ನಿಂತಿತು. ಗಾಜಿನಾಚೆ ನಿಂತ ಅಪ್ಪನನ್ನು ನೆನೆದು ನನ್ನ ಕಣ್ಣು ತುಂಬಿತು.

"ಒಂದಿನಾನೂ ತಿನ್ಲಿಲ್ವಾ?" ಎಂದಳು ಅವ್ವ.

"ಇಲ್ಲ ಅಮ್ಮ."

ಅವ್ವ ಎದ್ದು ಒಳಗೆ ಹೋಗಿ ನೆನೆದ ಕೇಕಿನಿಂದ ಒಂದು ತುಂಡು ಮುರಿದಳು. ಅದನ್ನು ಅಪ್ಪನ ಪಟಕ್ಕೆ ತೋರಿಸಿ ತನ್ನ ಬಾಯಿಗೆ ಹಾಕಿಕೊಂಡಳು. ಅವಳ ಹಲ್ಲಿಗೆ ಮರಳು ಸಿಕ್ಕ ಸದ್ದು ನಮಗೆಲ್ಲ ಕೇಳಿಸಿತು. ಬಹಳ ಕಷ್ಟಪಟ್ಟು ನುಂಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪುಣ್ಯವಂತರು ಬಿಡು," ಅಂದಳು. "ತಿನ್ನದೇನೇ ಹೋದ್ರು."

ಒಂದು ಚೂರೂ ಬಾಯಿಗಿಡದೆ ಅಪ್ಪ ಇಟಲಿಯ ಕೇಕಿಗೆ ಅಷ್ಟು ಹೆಸರು ತಂದಿದ್ದರು. ಒಂದೇ ಒಂದು ಮಾಡಿ ನಾನದನ್ನು ಕೆಡಿಸಿದೆ.