ಕಾಕಾನ ಕಾಲೂ ಕಣ್ಣಿನ ಯಂತ್ರವೂ

ಆ ದಿನ ಬೆಳಿಗ್ಗೆ ಎಂದಿನಂತೆ ನಾನು ಅಂಗಳಕ್ಕೆ ನೀರು ಹಾಕಿ ರೊಟ್ಟಿ ಬಡಿಯಲು ಕೂತಿದ್ದೆ. ಎಂದಿನಂತೆ ಕಾಕಾ ನೆತ್ತಿಯಿಂದ ಹಣೆಯವರೆಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮೊದಲೇ ಹೇಳಿಬಿಡುತ್ತೇನೆ: ಆಗ ನಮ್ಮ ಗಜೇಂದ್ರಗಡಕ್ಕೆ ಕರೆಂಟೇ ಬಂದಿರಲಿಲ್ಲ, ಆದರೂ ಕರೆಂಟಿನ ಕೈಯಲ್ಲಿ ಸುಳ್ಳು ಹೇಳಿಸಿದವರು ನಮ್ಮ ಕಾಕಾ!

ಇವರು ನನ್ನ ಯಜಮಾನರ ಚಿಕ್ಕಪ್ಪ, ಸೀರೆ ನೇಯುವವರು. ನಾನು ಸೊಸೆಯಾಗಿ ಬರುವ ಮೊದಲೇ ಎರಡೂ ಕಣ್ಣು ಪೊರೆಯಿಂದ ಮುಚ್ಚಿಹೋಗಿದ್ದವು. ಆದರೂ ಬೆರಳಿನಿಂದಲೇ ಅಂಚು ನೋಡಿ ನೇಯುತ್ತಿದ್ದರು. ಆಪರೇಷನ್ ಎಂದರೆ ಮಾತ್ರ, "ಒಳಗ ದೀಪಾನ ಆರಿದ್ರ ಬಾಗಲಾ ತಗದು ಏನ್ ಮಾಡೂದು?" ಎನ್ನುತ್ತಿದ್ದರು. ಪೊರೆಯ ಹಿಂದೆ ಕಣ್ಣಿನ ಆ ದೀಪ ಇನ್ನೂ ಉರಿಯುತ್ತಿದೆಯೇ ಎಂದು ಪರೀಕ್ಷಿಸುವ ಯಂತ್ರವೇ ಮುಂಬೈಯಿಂದ ಗದಗಿನ ದವಾಖಾನೆಗೆ ಬಂದಿದೆಯಂತೆ. ಕರೆದೊಯ್ಯದೆ ಇರಲಾದೀತೇ?

ಅಂದೇ ಬಸ್ಸು ಹಿಡಿದು ಗದಗ ಸೇರಿದೆವು. ದವಾಖಾನೆಯಲ್ಲಿ ಮೊದಲು ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಕೂರಬೇಕು.

"ಕತ್ತಲಿ ಬೇಕಾಗಿದ್ರ ಗದಗಕ್ಕ ಯಾಕ ಬರಬೇಕಿತ್ರಿ? ನನ್ನ ಹತ್ರಾನ ಬೇಕಾದಷ್ಟು ಐತಿ!" ಎಂದರು ಕಾಕಾ. ಡಾಕ್ಟರು ನಕ್ಕರು.

ಆಮೇಲೆ ಹಣೆಗೆ ತಂತಿ. ಹರಳೆಣ್ಣೆಯ ಮೇಲೆ ಅದು ನಿಲ್ಲಬೇಕಲ್ಲ! ನರ್ಸಮ್ಮ ತಿಕ್ಕಿದ್ದೇ ತಿಕ್ಕಿದ್ದು.

"ಯವ್ವಾ, ಹಣಿಬರಾ ಅಳಿಸೀ ನೋಡು!"

ಕಣ್ಣಿಗೆ ಬೆಳಕು ಮಿಂಚಿತು. ಯಂತ್ರ ಕಾಗದದ ಮೇಲೆ ಬರೆಯುತ್ತಿದ್ದ ಗೆರೆ ನಮ್ಮೂರ ಗುಡ್ಡದಂತೆ ಏರಿಳಿಯಿತು. "ಮಿಟುಕಿಸಬ್ಯಾಡ್ರಿ, ಅಲುಗಾಡಬ್ಯಾಡ್ರಿ" ಎಂದರು ಡಾಕ್ಟರು.

"ನಾ ಎಲ್ಲಿ ಅಲುಗ್ಯಾಡೇನ್ರಿ? ಕಲ್ಲಾಗಿ ಕುಂತೇನಿ!"

ಮತ್ತೆ ಗುಡ್ಡ. ಡಾಕ್ಟರು ನಿಟ್ಟುಸಿರು ಬಿಟ್ಟರು. "ಈ ಗೆರೆ ನಂಬಿ ಆಪರೇಷನ್ ಮಾಡಾಕ ಬರೂದಿಲ್ಲ."

ಆಗ ಮಂದ ಕೆಂಪು ಬೆಳಕಿನಲ್ಲಿ ನನಗೆ ಕಂಡದ್ದು ಕಾಕಾನ ಬಲಗಾಲು! ಮಿಂಚು ಬಂದಾಗಲೆಲ್ಲ ಅದು ಮಗ್ಗದ ಕಾಲುಮಣೆಯನ್ನು ಒತ್ತುವಂತೆ ನೆಲ ಒತ್ತುತ್ತಿತ್ತು. ಜೊತೆಗೇ ದವಡೆ ಬಿಗಿದು, ಹಣೆಯ ತಂತಿ ಆ ಬಿಗಿತವನ್ನೇ ಗೆರೆಯಾಗಿಸುತ್ತಿತ್ತು. ಮನುಷ್ಯ ಕಲ್ಲಾಗಿದ್ದರು, ನಿಜ. ಕಾಲು ಮಾತ್ರ ಸೀರೆ ನೇಯುತ್ತಿತ್ತು!

"ಕಾಕಾ, ಕಾಲ ಮಡಚಿ ಮ್ಯಾಲ ಇಟ್ಕೋರಿ."

"ಖುರ್ಚಿ ಮ್ಯಾಲ ಪಂಕ್ತಿಗೆ ಕುಂತಂಗ ಏನು?" ಎಂದು ಗೊಣಗುತ್ತಲೇ ಮಡಚಿದರು.

ಈ ಸಲ ಗೆರೆ ತೆಪ್ಪಗೆ ಹರಿದು, ಬೆಳಕಿಗೆ ಸರಿಯಾಗಿ ಒಮ್ಮೆ ತಲೆಯೆತ್ತಿತು. ಮತ್ತೊಮ್ಮೆ ಮಾಡಿದರೂ ಅದೇ. "ದೀಪ ಆರಿಲ್ರಿ ಯಜಮಾನ್ರ" ಎಂದರು ಡಾಕ್ಟರು. ಕಾಕಾ ಮಡಚಿದ ಕಾಲು ಇಳಿಸುವುದನ್ನೇ ಮರೆತರು.

ಬಸ್ಸು ಹತ್ತಿದ್ದೇ ತಡ, ದಾರಿಯಲ್ಲಿ ನರೇಗಲ್ಲಿನಲ್ಲಿ ಹತ್ತಿದವರಿಗೂ, "ಮುಂಬೈ ಮಷೀನು ನನ್ನ ಮಾತು ಕೇಳಲಿಲ್ಲ, ನಮ್ಮ ಸೊಸಿ ಮಾತು ಕೇಳ್ತು!" ಎಂದು ಡಂಗುರ ಹೊಡೆದರು. ನಾನು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಸಂಜೆ ಪಕ್ಕದ ಮನೆಯ ಹುಸೇನಸಾಬರು, ನೂಲಿಗೆ ಬಣ್ಣ ಹಾಕುವವರು, ಸುದ್ದಿ ಕೇಳಿ ಗೋಡೆಯಾಚೆಯಿಂದಲೇ ಅಂದರು:

"ಚಲೋ ಆತು ಬಿಡ್ರಿ ಅವ್ವಾರ. ನಿಮ್ಮ ಲಗ್ನದಾಗಿಂದ ಒಂದು ಸೀರಿ ನೂಲು ಬಣ್ಣ ಇಲ್ದ ನನ್ನ ಹತ್ರ ಬಿದ್ದೈತಿ. 'ಸೊಸಿ ಮುಖ ನೋಡಿ ಬಣ್ಣ ಹೇಳ್ತೀನಿ, ಇಟ್ಟಿರು' ಅಂದಿದ್ರು ಕಾಕಾ. ಲಗೂ ಬಣ್ಣ ಹೇಳಂತ ಕಾಕಾಗ ಹೇಳ್ರಿ, ನಮ್ಮನ್ಯಾಗ ಇಲಿ ಕಾಟ ಭಾಳ."