ನೀಲಿ ರಬ್ಬರ್ ಬಿಲ್ಲೆ

ಎಲ್ಲಕ್ಕೂ ಕಾರಣ ಕೋಟಿನ ಗುಂಡಿಯಷ್ಟಿದ್ದ ಒಂದು ನೀಲಿ ರಬ್ಬರ್ ಬಿಲ್ಲೆ. ಪಿಸ್ತೂಲಿನ ಸ್ಪ್ರಿಂಗ್ ಕಡ್ಡಿಗೆ ಅದನ್ನು ತೊಡಿಸಿದರೆ, ಗುಂಡು ಹಾರಿದಾಗ ಹಿಂದಕ್ಕೆ ನುಗ್ಗುವ ಮೇಲ್ಕವಚ, ಅಂದರೆ ಸ್ಲೈಡು, ಕಬ್ಬಿಣಕ್ಕೆ ಬಡಿಯುವ ಬದಲು ರಬ್ಬರಿಗೆ ಬಡಿಯುತ್ತದೆ. ಹಾಕಿದರೆ ಪಿಸ್ತೂಲು ನೂರು ವರ್ಷ ಬಾಳುತ್ತದೆ ಎಂದು ಎಡಮನೆಯ ಎಮ್ಮೆಟ್. ನೂರು ಗುಂಡಿಗೆ ಕೈಕೊಡುತ್ತದೆ ಎಂದು ಬಲಮನೆಯ ರಾಸ್ಕೋ. ನಡುಮನೆಯ ಆರ್ವಿಲ್ ಹೂಪ್ಸ್, ಶಾಲಾ ಬಸ್ಸಿನ ಡ್ರೈವರು, ಇಬ್ಬರನ್ನೂ ನಂಬುವ ಪೆದ್ದ.

ಅಂದು ಶನಿವಾರ, ಓಹಾಯೋದ ಆ ಪುಟ್ಟ ಊರಿನ ಗುರಿಕಾರರ ಕ್ಲಬ್ಬಿನ ವಾರ್ಷಿಕ ಪಂದ್ಯ. ಗೆದ್ದವನಿಗೆ ಹೊಗೆ ಹಾಕಿದ ಹಂದಿತೊಡೆ. ಕೊನೆಗೆ ಬಂದವನಿಗೆ ಮರದಲ್ಲಿ ಕೆತ್ತಿದ ಸ್ಕಂಕ್, ಬಾಲವೆತ್ತಿದರೆ ಊರೇ ನಾರುವ ಆ ಪ್ರಾಣಿ. ಅದನ್ನು ವರ್ಷವಿಡೀ ಮನೆ ಮುಂದಿನ ಜಗಲಿಯಲ್ಲಿ ರಸ್ತೆಗೆ ಕಾಣುವಂತೆ ಇಡಬೇಕು. ಮೂರು ವರ್ಷದಿಂದ ಅದು ಆರ್ವಿಲ್‌ನ ಜಗಲಿ ಬಿಟ್ಟು ಕದಲಿರಲಿಲ್ಲ. ಮಕ್ಕಳು ಮೂಗು ಹಿಡಿದುಕೊಂಡೇ ಅವನ ಬಸ್ಸು ಹತ್ತುತ್ತಿದ್ದರು.

"ನಾಲ್ಕನೇ ವರ್ಷವೂ ಅದು ಬಂತೋ, ಸೋಮವಾರ ನಿಮ್ಮಪ್ಪನ ಪಿಸ್ತೂಲು ಮಾರಾಟಕ್ಕೆ" ಎಂದಿದ್ದಳು ಹೆಂಡತಿ ಲೋರೀನ್. ಬಂದೂಕು ರಿಪೇರಿಯವನ ಮಗಳು. ಆಡಿದ್ದನ್ನು ಮಾಡುವವಳು.

ಬೆಳಿಗ್ಗೆ ರಾಸ್ಕೋ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ. ಈ ಸಲದ ತೀರ್ಪುಗಾರ ಅವನೇ.

"ಏನೋ, ಎಮ್ಮೆಟ್ ಕೊಟ್ಟ ಆ ರಬ್ಬರ್ ಹಾಕ್ಕೊಂಡಿದೀಯಂತೆ?"

"ಹಾಕ್ಕೊಂಡ್ರೆ ಏನಾಯ್ತು?"

"ಏನೂ ಆಗಲ್ಲ. ಕಾರ್ಖಾನೆಯೋರು ಹಾಕದೇ ಇರೋದು ಒಳಗೆ ಸಿಕ್ಕಿದ್ರೆ ನೀನೇ ಕೊನೆ, ಅಷ್ಟೆ. ನಿಯಮದ ಪುಸ್ತಕ ಒಂಬತ್ತನೇ ಪುಟ. ಓದೋಕೆ ಬರುತ್ತಲ್ಲ?"

ಅವನು ಹೋದದ್ದೇ ತಡ, ಆರ್ವಿಲ್ ಅಡುಗೆಮನೆಯ ಮೇಜಿನ ಮೇಲೆ ಪಿಸ್ತೂಲು ಬಿಚ್ಚಿ, ಹುಳುಕು ಹಲ್ಲು ಕೀಳುವಂತೆ ಬಿಲ್ಲೆಯನ್ನು ಕಿತ್ತ. ಅಷ್ಟರಲ್ಲಿ ಬೇಲಿಯಾಚೆಯಿಂದ ಎಮ್ಮೆಟ್ ಕೂಗಿದ. "ರಾಸ್ಕೋ ಮಾತು ಕೇಳ್ತೀಯೇನೋ? ಅವನ ಹುಲ್ಲು ಕತ್ತರಿಸೋ ಯಂತ್ರ ಇವತ್ತಿನವರೆಗೂ ಒಂದು ಸಲಕ್ಕೆ ಹೊತ್ಕೊಂಡಿದ್ದುಂಟಾ?"

ಅವನನ್ನು ಸುಮ್ಮನಾಗಿಸಿ ಬರಲು ಅರ್ಧ ಗಂಟೆ ಹಿಡಿಯಿತು. ಬಂದು ನೋಡಿದರೆ ಪಿಸ್ತೂಲು ಒರೆಸಿಕೊಂಡು ಪೆಟ್ಟಿಗೆಯಲ್ಲಿ ಕೂತಿತ್ತು.

"ಬಿಚ್ಚಿದ್ದನ್ನ ಬಿಚ್ಚಿದ ಹಾಗೇ ಬಿಟ್ಟು ಹೋಗ್ತೀರಲ್ಲ. ನಾನೇ ಜೋಡ್ಸಿಟ್ಟೆ" ಎಂದಳು ಲೋರೀನ್.

"ನೀನು ಚಿನ್ನ ಕಣೇ" ಎಂದು ಆರ್ವಿಲ್ ಪೆಟ್ಟಿಗೆ ಎತ್ತಿಕೊಂಡ.

ಪಂದ್ಯದಲ್ಲಿ ಮೊದಲ ಏಳು ಗುಂಡು ಸಲೀಸಾಗಿ ಹೋದವು. ಹೊಸ ಗುಂಡು ತುಂಬಿ, ಗುಂಡು ಮುಗಿದು ಹಿಂದೆ ನಿಂತಿದ್ದ ಸ್ಲೈಡನ್ನು ಎಂದಿನಂತೆ ಇನ್ನಷ್ಟು ಎಳೆದು ಬಿಟ್ಟ. ಅದು ಮುಂದೆ ಹೋಗಲಿಲ್ಲ, ಹಠಮಾರಿ ಕತ್ತೆಯ ಹಾಗೆ ಹಿಂದೆಯೇ ನಿಂತಿತು. ಮತ್ತೆ ಎಳೆದ. ಊಹೂಂ. ಕೊನೆಗೆ ಅದನ್ನು ತಡೆದಿಡುವ ಪಕ್ಕದ ಕೀಲನ್ನು ಹೆಬ್ಬೆರಳಲ್ಲಿ ಒತ್ತಿದ ಮೇಲೆ ಚಲಿಸಿತು. ಬೆವರು ಕಣ್ಣಿಗಿಳಿದಿದ್ದರೂ ಹೊಡೆದ.

ಅಂಕ ಕೂಡಿಸಿದರು. ಆರ್ವಿಲ್ ಕೊನೆಯಿಂದ ಎರಡನೆಯವನು. ಒಂದೇ ಅಂಕ ಕಡಿಮೆ ಬಿದ್ದು ಕೊನೆಯಾದವನು ಎಮ್ಮೆಟ್.

ಎಮ್ಮೆಟ್ ಸ್ಕಂಕನ್ನು ನೋಡಿದ, ಆರ್ವಿಲ್‌ನನ್ನು ನೋಡಿದ. "ಎಲ್ಲಾ ನನ್ನ ರಬ್ಬರಿನ ಮಹಿಮೆ ಕಣ್ರಯ್ಯಾ. ಅದಿಲ್ದಿದ್ರೆ ಇವನು ನಿಂತ ನೆಲಕ್ಕೇ ಗುರಿ ತಪ್ಪಿಸ್ತಿದ್ದ."

"ಯಾವ ರಬ್ಬರು?" ಎಂದ ರಾಸ್ಕೋ.

"ಬೆಳಿಗ್ಗೇನೇ ಕಿತ್ತು ಹಾಕಿದೀನಿ. ಬೇಕಾದ್ರೆ ಬಿಚ್ಚಿ ನೋಡು" ಎಂದ ಆರ್ವಿಲ್.

"ಬಿಡೋ ಮಾರಾಯ, ನಿನ್ನ ಮಾತೇ ಸಾಕು."

"ಸಾಲದು" ಎಂದು ಆರ್ವಿಲ್ ಮೇಜು ಗುದ್ದಿದ. ಮೂರು ವರ್ಷದ ಉರಿ ಹೊರಗೆ ಬಂದಿತ್ತು. "ಎಲ್ಲರ ಮುಂದೆ ಬಿಚ್ಚು. ಈ ಬಡಾಯಿಕೋರನ ಬಾಯಿ ಮುಚ್ಚಲಿ."

ರಾಸ್ಕೋ ಬಿಚ್ಚಿದ. ಸ್ಪ್ರಿಂಗಿನ ಕಡ್ಡಿಯ ಬುಡದಲ್ಲಿ ನೀಲಿ ಬಿಲ್ಲೆ ಹಾಯಾಗಿ ಕೂತಿತ್ತು. ಸ್ಲೈಡು ಪೂರ್ತಿ ಹಿಂದೆ ಸರಿಯದಂತೆ ತಡೆದದ್ದು ಅದೇ.

ಸಂಜೆ ಆರ್ವಿಲ್ ಸ್ಕಂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಹಳೇ ಜಾಗದಲ್ಲಿಟ್ಟ. ಲೋರೀನ್ ಅದರ ಬಾಲದ ಧೂಳು ಒರೆಸಿದಳು.

"ನಿಮ್ಮ ಹಣೆಬರಹ. ನನ್ನ ಕೈಲಾದದ್ದು ನಾನು ಮಾಡಿದೆ. ಆ ನೀಲಿ ಬಿಲ್ಲೆ ಹಾಕೋದನ್ನೂ ಮರೆತು ಮೇಜಿನ ಮೇಲೇ ಬಿಟ್ಟಿದ್ರಿ. ನಾನು ನೋಡಿದ್ದಕ್ಕೆ ಸರಿಹೋಯ್ತು."

ಆರ್ವಿಲ್ ಸ್ಕಂಕಿನ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿ ಒಳಗೆ ಹೋದ.

ಸೋಮವಾರ ಪಿಸ್ತೂಲು ಮಾರಾಟವಾಯಿತು. ಕೊಂಡವನು ಎಮ್ಮೆಟ್. ಬೇಲಿ ದಾಟುವ ಮೊದಲೇ ಅದನ್ನು ಬಿಚ್ಚಿ, ತಾನೇ ಕೊಟ್ಟಿದ್ದ ರಬ್ಬರ್ ಬಿಲ್ಲೆ ಕಿತ್ತು ಹುಲ್ಲಿಗೆಸೆದ.