ವಿಷಯ: ಲೋಟ ತೊಳೆದವರು ಯಾರು ಎಂಬ ಬಗ್ಗೆ

ಕೋರ್ಟಿನಲ್ಲಿ ಸಾಕ್ಷಿಗಳನ್ನು ನಿಲ್ಲಿಸಲು ಮೂರು ಕಡೆ ಮರದ ಪಟ್ಟಿ ಹೊಡೆದ ಒಂದು ಗೂಡು ಇರುತ್ತದಲ್ಲ, ಅದಕ್ಕೆ ಒಳ್ಳೆಯ ಪದವೇ ಇದೆ. ಕಟಾಂಜನ ಅಲ್ಲ, ಅದು ಮಹಡಿಯದು. ಕಟ್ಟೆ, ಕಟ... ಹಾಂ, ಕಟಕಟೆ. ಆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಪುಸ್ತಕ ಕೊಡುವ ಮೇಜಿಗೂ ದಿನಪತ್ರಿಕೆಗಳ ಸ್ಟ್ಯಾಂಡಿಗೂ ನಡುವೆ, ಇಲಾಖೆಯ ಆದೇಶದಂತೆ ಒಂದು ಕಟಕಟೆಯನ್ನು ಸ್ಥಾಪಿಸಲಾಗಿತ್ತು ಎಂಬುದು ನಿರ್ವಿವಾದ.

ಅದು ಅಲ್ಲಿಗೆ ಬಂದ ಬಗೆ ಬಹಳ ಸರಳ. ಆ ಗ್ರಂಥಾಲಯದಲ್ಲಿ ಜನ ಓದುತ್ತಿದ್ದುದು ಕೋರ್ಟಿನ ಕಾದಂಬರಿಗಳನ್ನು ಮಾತ್ರ. ಯಾರೋ ಸಾಯಬೇಕು, ಸಾಯಿಸದವರು ಸಿಕ್ಕಿಬೀಳಬೇಕು, ವಕೀಲರು ಕೋಟಿನ ತೋಳು ಸರಿಮಾಡಿಕೊಂಡು ಎದ್ದು ನಿಲ್ಲಬೇಕು, ಸಾಕ್ಷಿಯ ಹಣೆಯಲ್ಲಿ ಬೆವರಿನ ಮೊದಲ ಹನಿ ಮೂಡಬೇಕು. ಅಷ್ಟರಲ್ಲಿ ಅನ್ನ ತಳ ಹಿಡಿದು ಮನೆಯೆಲ್ಲ ಹೊಗೆಯಾದರೂ ಓದುವವರಿಗೆ ಪರಿವೆಯಿಲ್ಲ. ಕೃಷಿ, ವ್ಯಾಯಾಮ, ಮಹಾಪುರುಷರ ಜೀವನ ಇವೆಲ್ಲ ದೂಳು ಹೊದ್ದು ಮಲಗಿದ್ದವು. ಇದಕ್ಕೆ ಕಾರಣವೇನೆಂದು ಇಲಾಖೆ ಕೇಳಿತು. ಗ್ರಂಥಪಾಲಕರು "ಕುತೂಹಲ" ಎಂದು ಒಂದೇ ಮಾತು ಬರೆದು ಕಳಿಸಿದರು.

ಇಲಾಖೆಗೆ ಸಂತೋಷವಾಯಿತು. ತನ್ನ ಬಳಿ ಇಂಥದ್ದೊಂದು ದಾಸ್ತಾನು ಇದೆಯೆಂದು ಅದಕ್ಕೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ದಾಸ್ತಾನು ಎಂದ ಮೇಲೆ ತಪಾಸಣೆ ಆಗಬೇಕು. ತಪಾಸಣೆಗೆ ಬಂದ ಅಧಿಕಾರಿಗಳು, ಒಬ್ಬ ವಯಸ್ಸಾದ ಹೆಂಗಸು ಕಪಾಟಿನ ಬಳಿಯೇ ನಿಂತು ಪುಸ್ತಕವನ್ನು ಹಿಂದಿನಿಂದ ತೆರೆದು ಓದುವುದನ್ನು ಕಣ್ಣಾರೆ ಕಂಡರು. ಅವರ ವರದಿ ಹೀಗಿತ್ತು: "ಸದರಿ ಮಹಿಳೆಯು ಕೊನೆಯ ಅಧ್ಯಾಯವನ್ನು ಮೊದಲೇ ಓದುವ ಮೂಲಕ, ಉಳಿದ ಪುಟಗಳಿಗೆ ಮಂಜೂರಾದ ಕುತೂಹಲವು ಖರ್ಚಾಗದೆ ವ್ಯರ್ಥವಾಗಲು ಕಾರಣರಾಗಿರುತ್ತಾರೆ."

ಸದರಿ ಮಹಿಳೆಯನ್ನು ಗ್ರಂಥಾಲಯದಲ್ಲಿ ಕೊನೆಪುಟದಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಅವಳು ತಂಗಿ. ಹಾಗೆ ಕರೆಯಲು ಇನ್ನೂ ಒಬ್ಬಳು ಅಕ್ಕ ಉಳಿದಿದ್ದಳು. ಇಬ್ಬರೂ ತಂಗಿಯ ಮಗಳ ಮನೆಯಲ್ಲಿದ್ದರು. ಕನ್ನಡಕ ಹಾಕಿದರೆ ತಲೆ ಸುತ್ತುತ್ತದೆಂದು ಅಕ್ಕ ಓದುವುದನ್ನು ಬಿಟ್ಟಿದ್ದಳು. ಮಧ್ಯಾಹ್ನದ ಹೊತ್ತು ತಂಗಿಯೇ ಓದಿ ಹೇಳಬೇಕು. ಅವಳು ಕೊನೆಯನ್ನು ಮೊದಲು ಓದುತ್ತಿದ್ದುದು ಆತುರಕ್ಕಲ್ಲ. ಕೊಲೆಗಾರನ ಮಾತನ್ನು ಯಾವ ದನಿಯಲ್ಲಿ ಓದಬೇಕೆಂದು ಮೊದಲೇ ಗೊತ್ತಿರಬೇಕಲ್ಲ? ಕೊಲೆಗಾರನಿಗೆ ಅವಳು ಸಕ್ಕರೆಯಂಥ ದನಿ ಕೊಡುತ್ತಿದ್ದಳು, ನಿರಪರಾಧಿಗಳಿಗೆ ಗೊಗ್ಗರು ದನಿ. ಅಕ್ಕ ಪ್ರತಿ ಸಲವೂ ಮೋಸಹೋಗಿ, ತಂಗಿಯನ್ನು ಬಾಯಿಗೆ ಬಂದಂತೆ ಬೈದು, ಹೊಸ ಪುಸ್ತಕ ತರಲು ಕಳಿಸುತ್ತಿದ್ದಳು.

ವರದಿ ಬಂದ ಮೇಲೆ ಎಲ್ಲ ಕಾದಂಬರಿಗಳ ಕೊನೆಯ ಅಧ್ಯಾಯವನ್ನೂ ಬ್ಲೇಡಿನಿಂದ ಕತ್ತರಿಸಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. ಬೀರುವಿಗೊಬ್ಬ ಕಾವಲುಗಾರ, ಕಾವಲುಗಾರನಿಗೊಂದು ಸ್ಟೂಲು. ಬಾಗಿಲಲ್ಲಿ ಪ್ರಕಟಣೆ ಬಿತ್ತು:

"ಕೊನೆಯ ಅಧ್ಯಾಯ ಬೇಕಾದವರು ಕಟಕಟೆಯಲ್ಲಿ ನಿಂತು ತಮಗೆ ಯಾರ ಮೇಲೆ ಗುಮಾನಿ ಎಂದು ತಿಳಿಸತಕ್ಕದ್ದು. ಗುಮಾನಿ ಸರಿಯಾಗಿದ್ದಲ್ಲಿ, ಅಂತ್ಯವು ಅವರಿಗೆ ಈಗಾಗಲೇ ತಿಳಿದಿರುವುದರಿಂದ ಅಧ್ಯಾಯವನ್ನು ಕೊಡತಕ್ಕದ್ದಲ್ಲ. ತಪ್ಪಾಗಿದ್ದಲ್ಲಿ, ಗಮನವಿಟ್ಟು ಓದಿಲ್ಲವಾದ್ದರಿಂದ ಕೊಡತಕ್ಕದ್ದಲ್ಲ. ಸರಿಯೋ ತಪ್ಪೋ ಎಂದು ತಿಳಿಸಿದರೆ ಕುತೂಹಲ ಸೋರಿಹೋಗುವುದರಿಂದ ಕಾರಣವನ್ನೂ ತಿಳಿಸತಕ್ಕದ್ದಲ್ಲ."

ಓದುಗರು ಇದು ನ್ಯಾಯವೆಂದೇ ಒಪ್ಪಿಕೊಂಡರು. ಕಟಕಟೆಯಿಂದ ಇಳಿದವರು ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಪುಸ್ತಕಗಳ ಓಡಾಟ ಇಮ್ಮಡಿಯಾಯಿತು. ಗ್ರಂಥಪಾಲಕರು ಸ್ವಂತ ಖರ್ಚಿನಲ್ಲಿ ಕರಿ ಕೋಟು ಹೊಲಿಸಿಕೊಂಡರು. ಪ್ರಕಾಶಕರು ಇಲಾಖೆಯ ಕ್ರಮವನ್ನು ಮೆಚ್ಚಿ ಕೊನೆಯ ಅಧ್ಯಾಯ ಅಚ್ಚುಹಾಕುವುದನ್ನೇ ನಿಲ್ಲಿಸಿದರು. ಕಾಗದ ಉಳಿಯಿತು, ಬೆಲೆ ಇದ್ದಲ್ಲೇ ಇತ್ತು.

ಇಂಥ ಹೊತ್ತಿನಲ್ಲಿ ಅಕ್ಕನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ತಡ ಮಾಡಿದರೆ ಕೋಶ ಒಡೆದು ನಂಜಾಗಿ ಜೀವಕ್ಕೇ ಕುತ್ತು ಬರುತ್ತದೆ, ಕೂಡಲೇ ಆಪರೇಷನ್ ಆಗಲಿ ಎಂದರು ಡಾಕ್ಟರು. ಅಕ್ಕ ಒಪ್ಪಲಿಲ್ಲ. ಆಗ ಓದುತ್ತಿದ್ದ ಕಾದಂಬರಿಯಲ್ಲಿ ಔಷಧಿ ಅಂಗಡಿಯವನೊಬ್ಬ ಹಾಲು ಕುಡಿದು ಸತ್ತಿದ್ದ. ಹೆಂಡತಿಯನ್ನು ಹಿಡಿದು ಹಾಕಿದ್ದರು. ಹಾಲಿನ ಲೋಟವನ್ನು ಯಾರೋ ತೊಳೆದಿಟ್ಟಿದ್ದರು. ಕತ್ತರಿಸಿ ಉಳಿದ ಪುಸ್ತಕದ ಕೊನೆಯ ಸಾಲಿನಲ್ಲಿ ವಕೀಲರು ಎದ್ದು ನಿಂತು, "ಸ್ವಾಮಿ, ಆ ಲೋಟ ತೊಳೆದವರು ಈ ಕೋಣೆಯಲ್ಲೇ ಇದ್ದಾರೆ" ಎಂದಿದ್ದರು. ಕೊಲೆಗಾರ ಯಾರೆಂದು ತಿಳಿಯದೆ ತಂಗಿ ಎಲ್ಲರಿಗೂ ಸಕ್ಕರೆಯ ದನಿಯನ್ನೇ ಕೊಟ್ಟಿದ್ದರಿಂದ, ಅಕ್ಕನಿಗೆ ನ್ಯಾಯಾಧೀಶರೂ ಸೇರಿ ಸಕಲರ ಮೇಲೂ ಗುಮಾನಿ ಹತ್ತಿತ್ತು.

"ಮಂಪರು ಕೊಟ್ಟು ಮಲಗಿಸ್ತಾರೆ ಕಣೇ," ಎಂದಳು ಅಕ್ಕ, ಹೊಟ್ಟೆ ಹಿಡಿದುಕೊಂಡೇ. "ಮತ್ತೆ ಎದ್ದೇಳಲಿಲ್ಲ ಅಂದ್ರೆ? ಲೋಟ ತೊಳೆದವರು ಯಾರು ಅಂತ ತಿಳೀದೆ ಹೋಗೋದಾ ನಾನು?"

"ಅಕ್ಕಾ, ಅದು ಕತೆ."

"ಕತೆ ಅಂತ ನನಗೂ ಗೊತ್ತು. ಹೊಟ್ಟೆನೋವು ಮಾತ್ರ ನಿಜ. ನಿಜದ್ದು ಹೇಗೋ ತಡ್ಕೋಬಹುದು."

ತಂಗಿ ಚಪ್ಪಲಿ ಮೆಟ್ಟಿ ಗ್ರಂಥಾಲಯಕ್ಕೆ ಹೋದಳು. ಸರದಿಯಲ್ಲಿ ನಿಂತು, ತನ್ನ ಪಾಳಿ ಬಂದಾಗ ಕಟಕಟೆ ಹತ್ತಿದಳು. ಯಾರ ಮೇಲೆ ಗುಮಾನಿ ಎಂದು ಗ್ರಂಥಪಾಲಕರು ಕೋಟಿನ ತೋಳು ಸರಿಮಾಡಿಕೊಂಡು ಕೇಳಿದರು. ಸತ್ತವನ ತಾಯಿಯ ಮೇಲೆ ಎಂದಳು. ಆಧಾರವೇನೆಂದರು. ಇಡೀ ಪುಸ್ತಕದಲ್ಲಿ ಒಂದು ಪಾತ್ರೆಯನ್ನೂ ಮುಟ್ಟದ ಆ ತಾಯಿಯ ರವಿಕೆಯ ತೋಳು ಆವತ್ತೊಂದು ದಿನ ಒದ್ದೆಯಾಗಿತ್ತು ಎಂದಳು. ಸರದಿಯಲ್ಲಿದ್ದವರು ಉಸಿರು ಬಿಗಿಹಿಡಿದರು. ಗ್ರಂಥಪಾಲಕರು ಗಂಭೀರವಾಗಿ ಬೀರುವಿನ ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬಂದು, "ತಿರಸ್ಕರಿಸಲಾಗಿದೆ" ಎಂದರು.

ಅಕ್ಕನ ವಿಷಯ ಹೇಳಿದಳು. ಅಕ್ಕ ಗ್ರಂಥಾಲಯದ ಸದಸ್ಯರೇ ಎಂದು ಕೇಳಿದರು. ಅಲ್ಲ ಎಂದಳು.

"ಹಾಗಾದ್ರೆ ಅವರು ಇಷ್ಟು ದಿನ ಅನುಮತಿಯಿಲ್ಲದೆ ಕಿವಿಯಿಂದ ಕುತೂಹಲ ಪಡೆದಿದ್ದಾರೆ. ಸುಮ್ಮನೆ ಹೋಗಿ ಅಮ್ಮಾ, ನಾನು ಕೇಳಿಸಿಕೊಂಡಿಲ್ಲ."

ತಂಗಿ ಹೋಗಲಿಲ್ಲ. ಕಟಕಟೆಯಲ್ಲಿ ನಿಲ್ಲತಕ್ಕದ್ದು ಎಂದಿತ್ತೇ ಹೊರತು ಇಳಿಯತಕ್ಕದ್ದು ಎಂದು ಎಲ್ಲೂ ಬರೆದಿರಲಿಲ್ಲ. ಕಾಲು ನೋಯತೊಡಗಿದಾಗ ಅಲ್ಲೇ ಕುಕ್ಕರಿಸಿದಳು. ಜನ ಕಾದು ಕಾದು ಮನೆಗೆ ಹೋದರು. ಗ್ರಂಥಪಾಲಕರು ಕೋಟು ಬಿಚ್ಚಿ, ಕಟಕಟೆಯ ಪಟ್ಟಿಗೆ ಗಲ್ಲ ಊರಿ, ದನಿ ತಗ್ಗಿಸಿದರು.

"ಬೀರು ಖಾಲಿ ಕಣಮ್ಮ."

ಬಿಡಿ ಹಾಳೆಗಳನ್ನು ದಾಸ್ತಾನಿನಲ್ಲಿ ಇಟ್ಟುಕೊಳ್ಳಬಾರದು ಎಂದು ಇನ್ನೊಂದು ನಿಯಮವಿತ್ತಂತೆ. ಕತ್ತರಿಸಿದ ವಾರದಲ್ಲೇ ಎಲ್ಲವೂ ರದ್ದಿಗೆ ಹೋಗಿದ್ದವು. ರದ್ದಿ ಅಂಗಡಿ ತಪಾಸಣೆ ಮಾಡಿದ ಅಧಿಕಾರಿಗಳ ಭಾವಮೈದುನನದು. ಬೀರು ಖಾಲಿ ಎಂದು ಬರೆದರೆ ಕಾವಲುಗಾರನ ಕೆಲಸ ಹೋಗುತ್ತದೆ; ಅವನ ಹೆಂಡತಿ ತುಂಬು ಬಸುರಿ.

"ಮತ್ತೆ ಒಳಗೆ ಹೋಗಿ ನೋಡಿ ಬರ್ತಿದ್ರಲ್ಲ?"

"ನೀರು ಕುಡಿದು ಬರ್ತಿದ್ದೆ." ಗ್ರಂಥಪಾಲಕರು ಕಣ್ಣು ಉಜ್ಜಿಕೊಂಡರು. "ನೀವು ಬುದ್ಧಿವಂತರು, ಹೇಳಿ. ಆ ತಾಯಿನೇ ತೊಳೆದಿದ್ದಾ? ನನಗೂ ಎಷ್ಟೋ ದಿನದಿಂದ ನಿದ್ದೆ ಇಲ್ಲ."

ತಂಗಿ ಮನೆಗೆ ಬಂದು, ಅಧ್ಯಾಯ ಸಿಕ್ಕಿತು ಎಂದಳು. ಆಪರೇಷನ್ನಿಗೆ ಒಪ್ಪಿಗೆಯ ರುಜು ಹಾಕಲೆಂದು ಆಸ್ಪತ್ರೆಯವರು ಕೊಟ್ಟಿದ್ದ ಕಾಗದಗಳನ್ನು ಮಡಿಸಿ ಪುಸ್ತಕದೊಳಗೆ ಹಿಡಿದು ಮಂಚದ ಬಳಿ ಕೂತಳು. ವಕೀಲರು ಸುತ್ತ ನೋಡಿದರು ಎಂದು ಓದಿದಳು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ ಎಂದಳು. ವಕೀಲರ ಕೈ ನಿಧಾನವಾಗಿ ಮೇಲೆದ್ದಿತು, ಬೆರಳು ಚಾಚಿತು, ಬೆರಳಿನ ತುದಿಯಲ್ಲಿದ್ದವರ ಮುಖ ಬಿಳಿಚಿಕೊಂಡಿತು ಎಂದು ಹೇಳಿ ಪುಸ್ತಕ ಮುಚ್ಚಿದಳು.

"ಮುಂದೆ?" ಎಂದಳು ಅಕ್ಕ.

"ಮುಂದಿನದು ಆಪರೇಷನ್ ಆದ ಮೇಲೆ."

ಅಕ್ಕ ಅವಳನ್ನು ತೊಟ್ಟಿಲಲ್ಲೇ ಕತ್ತು ಹಿಸುಕಬೇಕಿತ್ತು ಎಂದಳು. ಆಮೇಲೆ ಕಾಗದ ಕಿತ್ತುಕೊಂಡು, ರುಜು ಎಲ್ಲಿ ಹಾಕಬೇಕು ಎಂದು ಕೇಳಿದಳು.

ಆಪರೇಷನ್ ಸಸೂತ್ರವಾಗಿ ಆಯಿತು. ಮಂಪರು ಇಳಿದ ರೋಗಿಗಳು ಸಾಮಾನ್ಯವಾಗಿ ನೀರು ಕೇಳುತ್ತಾರೆ, ಇಲ್ಲವೇ ಮಕ್ಕಳನ್ನು ಕೇಳುತ್ತಾರೆ. ಅಕ್ಕ ಕಣ್ಣು ತೆರೆಯುವ ಮೊದಲೇ, "ಯಾರು ತೊಳೆದದ್ದು?" ಎಂದಳು. ಮೊದಲು ಹೊಲಿಗೆ ಬಿಚ್ಚಲಿ ಎಂದಳು ತಂಗಿ. ಈ ವಯಸ್ಸಿನಲ್ಲಿ ಇಷ್ಟು ಬೇಗ ಎಚ್ಚರಾದವರನ್ನು ತಾವು ನೋಡಿಲ್ಲವೆಂದು ಡಾಕ್ಟರು ಬೆರಗಾಗಿ, ಕಾರಣ ಕೇಳಿ ತಿಳಿದು, ಮೇಲಕ್ಕೆ ವರದಿ ಕಳಿಸಿದರು. ಈಗ ಆ ಆಸ್ಪತ್ರೆಯ ಗೋಡೆಯ ಮೇಲೆ, "ಶಸ್ತ್ರಚಿಕಿತ್ಸೆಗೆ ಬರುವವರು ಕೊನೆಯಿಲ್ಲದ ಕಾದಂಬರಿಯೊಂದನ್ನು ಖಾಲಿ ಹೊಟ್ಟೆಯಲ್ಲಿ ಓದಿ ಬರತಕ್ಕದ್ದು" ಎಂಬ ಫಲಕವಿದೆ. ಎಲ್ಲರೂ ಓದಿಯೇ ಬರುತ್ತಾರೆ.

ಗ್ರಂಥಾಲಯದ ಕೀರ್ತಿ ಹೆಚ್ಚಿದ್ದರಿಂದ ಇಲಾಖೆ ಕಾವಲುಗಾರನ ಕೆಲಸ ಕಾಯಂ ಮಾಡಿತು. ಆಗ ಗ್ರಂಥಪಾಲಕರು ಧೈರ್ಯ ಮಾಡಿ, ಬೀರು ಖಾಲಿ ಎಂದು ಬರೆದು ಕಳಿಸಿದರು. ಕಾಯಂ ಕಾವಲುಗಾರ ಖಾಲಿ ಬೀರುವನ್ನು ಕಾಯುವುದು ನಿಯಮಬಾಹಿರ. ಆದಕಾರಣ, ಕೊನೆಪುಟದಮ್ಮ ಎಂಬುವವರು ಸದರಿ ಲೋಟದ ಬಗ್ಗೆ ಒಂದು ಅಂತ್ಯವನ್ನು ಒದಗಿಸತಕ್ಕದ್ದು, ಅದನ್ನು ಯಾರೂ ಓದತಕ್ಕದ್ದಲ್ಲ ಎಂದು ಆದೇಶವಾಯಿತು. ಆದೇಶವನ್ನು ಗ್ರಂಥಪಾಲಕರೇ ಖುದ್ದಾಗಿ ತಂದುಕೊಟ್ಟು, ಹೊಸ್ತಿಲಲ್ಲೇ ನಿಂತರು. ಕುತೂಹಲ ಸೋರದಿರಲೆಂದು ಎರಡೂ ಕಿವಿಗೆ ಬೆರಳು ಇಟ್ಟುಕೊಂಡಿದ್ದರು. ಒಂದು ಬೆರಳು ಅಷ್ಟೇನೂ ಬಿಗಿಯಾಗಿರಲಿಲ್ಲ.

ತಂಗಿಗೆ ಕೈ ನಡುಗುತ್ತದೆ, ಬರೆಯಲಾಗದು. ಶಾಲೆಯ ಲೆಕ್ಕ ಮಾಡುತ್ತಿದ್ದ ಮೊಮ್ಮಗಳನ್ನು ಪಕ್ಕಕ್ಕೆ ಕರೆದಳು. ಮಂಚದ ಮೇಲಿನಿಂದ ಅಕ್ಕ, "ಏನು ಹೇಳ್ತೀಯೋ ಅವಳ ಕಿವೀಲಿ ಹೇಳೇ," ಎಂದು ದಿಂಬನ್ನು ತಲೆಯ ಮೇಲೆ ಎಳೆದುಕೊಂಡಳು. "ನನಗೆ ಇನ್ನೂ ಎರಡು ಮಂಡಿ ಆಪರೇಷನ್ ಬಾಕಿ ಇದೆ."

ತಂಗಿ ಹುಡುಗಿಯ ಜಡೆ ಸರಿಸಿ, ಕಿವಿಯ ಹತ್ತಿರ ಬಾಯಿ ತಂದಳು.

"ಹಾಂ, ಬರ್ಕೋ ಪುಟ್ಟಿ."